ಹದಿಮೂರೂವರೆ ಗಂಟೆ, 200 ಕಿಲೋಮೀಟರ್: ಹವ್ಯಾಸಿ ಸೈಕಲ್ ಸವಾರರ ಸಿದ್ಧತೆ

ಬೆಳಿಗ್ಗೆ ಆರಕ್ಕೆ ಹೊರಟು ಸಂಜೆ ಏಳೂವರೆಯೊಳಗೆ 200 ಕಿಲೋಮೀಟರ್ ಸೈಕಲ್ ತುಳಿದು ಮುಗಿಸಬೇಕು. ಬ್ರೆವೆ ಎಂದು ಕರೆಯುವ ದೂರದ ಸವಾರಿಯ ಮೊದಲ ಮೆಟ್ಟಿಲು ಇದು. ಕೇಳಿದವರು ಹೌಹಾರುತ್ತಾರೆ. ಆದರೆ ಲೆಕ್ಕ ಹಾಕಿ ನೋಡಿ: ಗಂಟೆಗೆ 20 ಕಿ.ಮೀ. ವೇಗದಲ್ಲಿ ತುಳಿದರೆ ಹತ್ತು ಗಂಟೆ ಸಾಕು. ತಿಂಡಿ, ಊಟ, ಪಂಕ್ಚರ್, ಸುಧಾರಿಸಿಕೊಳ್ಳುವುದು ಎಲ್ಲಕ್ಕೂ ಸೇರಿ ಇನ್ನೂ ಮೂರೂವರೆ ಗಂಟೆ ಕೈಯಲ್ಲಿರುತ್ತದೆ. ವಾರವಿಡೀ ಕಚೇರಿಯಲ್ಲಿ ಕೂತು ದುಡಿಯುವವರೂ ಮೂರು ತಿಂಗಳ ತಯಾರಿಯಲ್ಲಿ ಇದನ್ನು ಸಾಧಿಸಬಹುದು.

ಅರ್ಧ ದಾರಿಯಲ್ಲಿ ಸೈಕಲ್ ಒರಗಿಸಿ ಕೂತವರನ್ನು ಮಾತಾಡಿಸಿದ್ದೇನೆ. ಕಾಲಲ್ಲಿ ಶಕ್ತಿಯಿಲ್ಲ ಎಂದವರು ಕಡಿಮೆ. ತೊಡೆಸಂದಿ ಉರಿಯುತ್ತಿದೆ, ಅಂಗೈ ಜೋಮು ಹಿಡಿದಿದೆ, ಬೆಳಿಗ್ಗೆಯಿಂದ ಸರಿಯಾಗಿ ತಿಂದಿಲ್ಲ, ಎರಡನೇ ಪಂಕ್ಚರಿಗೆ ಟ್ಯೂಬ್ ಇಲ್ಲ ಎಂಬ ಮಾತೇ ಹೆಚ್ಚು. ಇವೆಲ್ಲ ಮನೆಯಿಂದ ಹೊರಡುವ ಮೊದಲೇ ಸರಿಪಡಿಸಬಹುದಾದವು.

ಸೈಕಲ್ ಮತ್ತು ಅಳತೆ

ಹೈಬ್ರಿಡ್ ಸೈಕಲ್ಲಿನಲ್ಲೇ 200 ಮುಗಿಸಿದವರು ಬೇಕಾದಷ್ಟು ಜನ ಇದ್ದಾರೆ. ಮನೆಯಲ್ಲಿ ಇರುವುದರಲ್ಲೇ ಶುರು ಮಾಡಿ. ಬಾಗಿದ ಹ್ಯಾಂಡಲ್ಲಿನ ರೋಡ್ ಬೈಕನ್ನೇ ಹೊಸದಾಗಿ ಕೊಳ್ಳುವುದಾದರೆ ಅಲ್ಯುಮಿನಿಯಂ ಫ್ರೇಮು, ಕಾರ್ಬನ್ ಫೋರ್ಕು ಧಾರಾಳ ಸಾಕು. ಶಿಮಾನೊ ಕಂಪನಿಯ ಗೇರ್ ಸೆಟ್ಟುಗಳ ಪೈಕಿ ಕ್ಲಾರಿಸ್‌ನಲ್ಲಿ ಹಿಂದೆ 8 ಗೇರು, ಸೋರಾದಲ್ಲಿ 9, ಟಿಯಾಗ್ರಾದಲ್ಲಿ 10. ಅಂಗಡಿಯವರು ಈ ಸಂಖ್ಯೆಯನ್ನೇ ಒತ್ತಿ ಹೇಳುತ್ತಾರೆ. ನೀವು ಕೇಳಬೇಕಾದ್ದು ಅತಿ ಹಗುರ ಗೇರು ಯಾವುದು ಎಂದು. ಮುಂದೆ 34 ಹಲ್ಲು, ಹಿಂದೆ 32 ಹಲ್ಲು ಇದ್ದರೆ ನಂದಿ ಬೆಟ್ಟದಂಥ ಏರನ್ನೂ ಮಂಡಿಗೆ ಹೊರೆಯಾಗದಂತೆ ಹತ್ತಬಹುದು. ಟೈರು 28 ಮಿ.ಮೀ. ಅಗಲದ್ದಿರಲಿ. ನಮ್ಮ ಗ್ರಾಮಾಂತರ ರಸ್ತೆಗಳಿಗೆ 23 ಮಿ.ಮೀ. ಟೈರು ಸಲ್ಲದು. 70 ಕೆ.ಜಿ. ತೂಕದವರಿಗೆ 28ರ ಟೈರಿನಲ್ಲಿ 70ರಿಂದ 80 ಪಿಎಸ್‌ಐ ಗಾಳಿ ಸರಿಹೋಗುತ್ತದೆ, ಹಿಂದಿನ ಚಕ್ರಕ್ಕೆ ಚೂರು ಹೆಚ್ಚು. ಕಲ್ಲಿನಂತೆ ಗಟ್ಟಿಯಾಗುವವರೆಗೆ ಗಾಳಿ ತುಂಬಿದರೆ ವೇಗ ಹೆಚ್ಚುವುದಿಲ್ಲ, ಮೈಕೈ ನೋಯುತ್ತದೆ ಅಷ್ಟೇ.

ಕೈಯಲ್ಲಿ ಒಂದು ಲಕ್ಷ ಇದ್ದರೆ ಅಷ್ಟನ್ನೂ ಸೈಕಲ್ಲಿಗೇ ಸುರಿಯಬೇಡಿ. ಇಪ್ಪತ್ತು ಸಾವಿರವನ್ನು ಹೆಲ್ಮೆಟ್, ಪ್ಯಾಡಿನ ಚಡ್ಡಿ, ದೀಪ, ಪಂಪು, ಸಲಕರಣೆಗೆ ತೆಗೆದಿಡಿ. ಫ್ರೇಮಿನ ಅಳತೆ ನಿಮ್ಮ ಎತ್ತರಕ್ಕೆ ಹೊಂದದಿದ್ದರೆ ಎಷ್ಟು ರಿಯಾಯಿತಿ ಕೊಟ್ಟರೂ ತೆಗೆದುಕೊಳ್ಳಬೇಡಿ.

ಸೀಟಿನ ಎತ್ತರ ಮನೆಯಲ್ಲೇ ಹೊಂದಿಸಿಕೊಳ್ಳಬಹುದು. ಗೋಡೆಗೆ ಒರಗಿ ಸೈಕಲ್ ಮೇಲೆ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಡಿ. ಪೆಡಲ್ ತೀರಾ ಕೆಳಗಿರುವಾಗ ಕಾಲು ನೆಟ್ಟಗಾಗಬೇಕು, ಸೊಂಟ ಪಕ್ಕಕ್ಕೆ ವಾಲಬಾರದು. ಆಮೇಲೆ ಮುಂಗಾಲಿನಲ್ಲಿ ತುಳಿದಾಗ ಮಂಡಿ ಸ್ವಲ್ಪ ಮಡಿಚಿರುತ್ತದೆ. ಅದೇ ಸರಿಯಾದ ಎತ್ತರ. ಮಂಡಿಚಿಪ್ಪಿನ ಮುಂಭಾಗ ನೋಯುತ್ತಿದ್ದರೆ ಸಾಮಾನ್ಯವಾಗಿ ಸೀಟು ತಗ್ಗಾಗಿದೆ ಎಂದರ್ಥ, ಮಂಡಿಯ ಹಿಂಭಾಗ ಎಳೆಯುತ್ತಿದ್ದರೆ ಎತ್ತರವಾಗಿದೆ. ಅಂಗೈ ಜೋಮು ಹಿಡಿಯುವವರು ಸೀಟಿನ ಮೂತಿ ಮುಂದಕ್ಕೆ ಬಾಗಿದೆಯೇ ಎಂದು ಮೊದಲು ನೋಡಿ. ಬಾಗಿದ್ದರೆ ಇಡೀ ದಿನ ದೇಹ ಮುಂದಕ್ಕೆ ಜಾರುತ್ತದೆ, ಆ ಭಾರವೆಲ್ಲ ಕೈಗೆ ಬೀಳುತ್ತದೆ. ಬದಲಾವಣೆ ಮಾಡುವಾಗ ಒಂದು ಸಲಕ್ಕೆ ನಾಲ್ಕೈದು ಮಿ.ಮೀ. ಮಾತ್ರ. ಹಳೆಯ ಎತ್ತರದ ಗುರುತಿಗೆ ಸೀಟಿನ ಕಂಬದ ಮೇಲೆ ಒಂದು ಚೂರು ಟೇಪು ಅಂಟಿಸಿಕೊಳ್ಳಿ.

ಪ್ಯಾಡಿನ ಚಡ್ಡಿಯ ಒಳಗೆ ಇನ್ನೊಂದು ಒಳ ಉಡುಪು ಹಾಕಬಾರದು. ಇದನ್ನು ಹೇಳಿಕೊಡಲು ಸಂಕೋಚಪಡುವುದರಿಂದಲೇ ಎಷ್ಟೋ ಹೊಸಬರು ಹೊಲಿಗೆ ಉಜ್ಜಿ ಗಾಯ ಮಾಡಿಕೊಳ್ಳುತ್ತಾರೆ. ತೊಡೆಸಂದಿಗೆ ವ್ಯಾಸಲೀನ್ ಹಚ್ಚಿ, ಮನೆಗೆ ಬಂದ ಕೂಡಲೇ ಚಡ್ಡಿ ಬಿಚ್ಚಿ ಸ್ನಾನ ಮಾಡಿ.

ಪಂಕ್ಚರ್ ಕಲಿಯದೆ ಊರು ದಾಟಬೇಡಿ

ಬ್ರೆವೆಯಲ್ಲಿ ಹಿಂದೆ ಬರುವ ಕಾರಿನಿಂದ ನೆರವು ಪಡೆಯುವಂತಿಲ್ಲ. ಚಕ್ರ ಕೂತರೆ ನೀವೇ ಎಬ್ಬಿಸಬೇಕು. ಎರಡು ಟ್ಯೂಬ್, ಟೈರು ಎಬ್ಬಿಸುವ ಎರಡು ಪ್ಲಾಸ್ಟಿಕ್ ಲಿವರ್, ಪುಟ್ಟ ಪಂಪು, ಪ್ಯಾಚು, ಅಲೆನ್ ಕೀಗಳ ಗೊಂಚಲು ಸೀಟಿನ ಕೆಳಗಿನ ಚೀಲದಲ್ಲಿರಲಿ. ಒಂದು ಚಿಮುಟವನ್ನೂ ಸೇರಿಸಿ, ಕಾರಣ ಮುಂದಿದೆ.

ಹಿಂದಿನ ಚಕ್ರವಾದರೆ ಬಿಚ್ಚುವ ಮೊದಲು ಚೈನನ್ನು ಅತಿ ಚಿಕ್ಕ ಹಲ್ಲುಚಕ್ರಕ್ಕೆ ತನ್ನಿ. ಚಕ್ರ ಸಲೀಸಾಗಿ ಹೊರಬರುತ್ತದೆ. ಟೈರಿನ ಒಂದು ಅಂಚನ್ನಷ್ಟೇ ಲಿವರ್‌ನಿಂದ ಎಬ್ಬಿಸಿ ಟ್ಯೂಬ್ ಹೊರಗೆಳೆಯಿರಿ. ಹೊಸ ಟ್ಯೂಬ್ ಹಾಕುವ ಆತುರ ಬೇಡ. ಚುಚ್ಚಿದ್ದು ಇನ್ನೂ ಟೈರಿನಲ್ಲೇ ಇರಬಹುದು. ಹಳೆಯ ಟ್ಯೂಬಿಗೆ ಗಾಳಿ ಹೊಡೆದು ತುಟಿಯ ಹತ್ತಿರ ತಿರುಗಿಸಿದರೆ ತೂತಿನ ಜಾಗದಲ್ಲಿ ತಣ್ಣನೆ ಗಾಳಿ ತಾಗುತ್ತದೆ. ವಾಲ್ವಿನಿಂದ ಅದು ಎಷ್ಟು ದೂರವೋ ಟೈರಿನಲ್ಲೂ ಅಷ್ಟೇ ದೂರದಲ್ಲಿ ಹುಡುಕಿ. ಹೆದ್ದಾರಿ ಬದಿಯಲ್ಲಿ ಸಿಡಿದು ಬಿದ್ದ ಲಾರಿ ಟೈರುಗಳಿಂದ ಕೂದಲೆಳೆಯಷ್ಟು ಸಣ್ಣ ಉಕ್ಕಿನ ತಂತಿಗಳು ಉದುರಿರುತ್ತವೆ. ಹೊರಗಿನಿಂದ ಅವು ಕಾಣುವುದೇ ಇಲ್ಲ. ಟೈರಿನ ಒಳಮೈ ಮೇಲೆ ಬೆರಳನ್ನು ನಿಧಾನವಾಗಿ ಸವರಿದರೆ ಚುರ್ ಎನ್ನುತ್ತದೆ. ಉಗುರಿಗೆ ಸಿಗದ ಆ ತಂತಿಯನ್ನು ಚಿಮುಟದಿಂದಲೇ ಕೀಳಬೇಕು. ಕೀಳದೆ ಹೊರಟರೆ ಹತ್ತೇ ನಿಮಿಷದಲ್ಲಿ ಎರಡನೇ ಟ್ಯೂಬೂ ಹೋಯಿತು.

ಹೊಸ ಟ್ಯೂಬಿಗೆ ದುಂಡಗಾಗುವಷ್ಟು ಗಾಳಿ ತುಂಬಿ ಒಳಗಿಡಿ, ಖಾಲಿ ಟ್ಯೂಬ್ ಮಡಿಚಿಕೊಳ್ಳುತ್ತದೆ. ಟೈರಿನ ಅಂಚನ್ನು ವಾಲ್ವಿನ ಎದುರು ಬದಿಯಿಂದ ಎರಡೂ ಕೈಯಲ್ಲಿ ಕೂರಿಸುತ್ತ ಬಂದು ವಾಲ್ವಿನ ಹತ್ತಿರ ಮುಗಿಸಿ. ಬಿಗಿಯಾದರೆ ಈಗಾಗಲೇ ಕೂತ ಭಾಗವನ್ನು ರಿಮ್ಮಿನ ನಡುವಿನ ತಗ್ಗಿಗೆ ಒತ್ತಿ, ಕೊನೆಯ ಗೇಣಿಗೆ ಬೇಕಾದ ಸಡಿಲ ಸಿಗುತ್ತದೆ. ಇಲ್ಲಿ ಲಿವರ್ ಬಳಸಿದರೆ ಹೊಸ ಟ್ಯೂಬನ್ನೇ ಕಚ್ಚಿಬಿಡುವ ಅಪಾಯ. ಗಾಳಿ ಹೊಡೆಯುವ ಮೊದಲು ಟ್ಯೂಬ್ ಎಲ್ಲೂ ಅಂಚಿಗೆ ಸಿಕ್ಕಿಲ್ಲ ಎಂದು ಸುತ್ತಲೂ ನೋಡಿ. ಮನೆಯ ಅಂಗಳದಲ್ಲಿ ಇದನ್ನು ಮತ್ತೆ ಮತ್ತೆ ಮಾಡಿ. ಒಮ್ಮೆಯಾದರೂ ಕತ್ತಲಲ್ಲಿ, ತಲೆದೀಪದ ಬೆಳಕಲ್ಲಿ.

ಹನ್ನೆರಡು ವಾರ

ವಾರದ ದಿನಗಳಲ್ಲಿ ಎರಡು ಬೆಳಿಗ್ಗೆ ಒಂದೊಂದು ಗಂಟೆ, ಭಾನುವಾರ ಒಂದು ಉದ್ದನೆಯ ಸವಾರಿ. ಇಷ್ಟೇ ಚೌಕಟ್ಟು. ಭಾನುವಾರದ ದೂರ 40 ಕಿ.ಮೀ.ಯಿಂದ ಶುರುವಾಗಿ 60, 80, 100 ಎಂದು ಏರಲಿ. ಪ್ರತಿ ನಾಲ್ಕನೇ ವಾರ ಕಡಿಮೆ ಮಾಡಿ. ಮೂರನೇ ತಿಂಗಳಲ್ಲಿ ಒಂದು ಸಲ 130ರಿಂದ 150 ಮುಟ್ಟಿದರೆ 200ಕ್ಕೆ ದೇಹ ತಯಾರು. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟು ಉಸಿರು ಉಳಿಯಬೇಕು, ಅದಕ್ಕಿಂತ ಜೋರಾಗಿ ಬೇಡ. ವಾರದ ಒಂದು ಬೆಳಿಗ್ಗೆ ಮಾತ್ರ ಏರುದಾರಿಯಲ್ಲಿ ಬೆವರು ಸುರಿಯಲಿ. ಪೆಡಲ್ ನಿಮಿಷಕ್ಕೆ 80ರಿಂದ 90 ಸುತ್ತು ತಿರುಗಲಿ. ಭಾರದ ಗೇರಿನಲ್ಲಿ ನಿಧಾನವಾಗಿ ಒತ್ತುವುದು ನಮ್ಮಲ್ಲಿ ಬಹುತೇಕರಿಗೆ ಹಳೆಯ ಅಟ್ಲಾಸ್, ಹೀರೋ ಸೈಕಲ್ ಕಾಲದಿಂದ ಬಂದ ರೂಢಿ. ದೂರದ ಸವಾರಿಯಲ್ಲಿ ಅದು ಮಂಡಿಯನ್ನು ತಿನ್ನುತ್ತದೆ.

ಎದೆನೋವು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು, ನಲವತ್ತು ದಾಟಿ ಹೊಸದಾಗಿ ಶುರು ಮಾಡುವವರು ವೈದ್ಯರನ್ನು ಕಂಡೇ ಹೊರಡಬೇಕು.

ತಿನ್ನುವುದು, ಕುಡಿಯುವುದು

ಹಸಿವಾದಾಗ ತಿನ್ನುತ್ತೇನೆ ಎಂದುಕೊಂಡರೆ ತಡವಾಯಿತು. ಮೂರು ಗಂಟೆ ಮೀರಿದ ಸವಾರಿಯಲ್ಲಿ ಗಂಟೆಗೆ 40ರಿಂದ 60 ಗ್ರಾಂ ಪಿಷ್ಟ ಅಥವಾ ಸಕ್ಕರೆ ಒಳಗೆ ಹೋಗಬೇಕು. ಒಂದು ಮಧ್ಯಮ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಹಾಗಾಗಿ ಗಂಟೆಗೊಂದು ಬಾಳೆಹಣ್ಣು, ಜೊತೆಗೆ ನಾಲ್ಕೈದು ಖರ್ಜೂರ ಅಥವಾ ಒಂದು ಚಿಕ್ಕಿ. ವಿದೇಶಿ ಜೆಲ್ ಪೊಟ್ಟಣ ಹೊಸಬರಿಗೆ ಅಗತ್ಯವಿಲ್ಲ. ಬೆಳಿಗ್ಗೆ ಇಡ್ಲಿ ಒಳ್ಳೆಯದು. ಎಣ್ಣೆ ಸುರಿಯುವ ಪೂರಿ, ವಡೆ ಮಧ್ಯಾಹ್ನದವರೆಗೂ ಹೊಟ್ಟೆಯಲ್ಲೇ ಕೂತಿರುತ್ತವೆ. ಮಧ್ಯಾಹ್ನಕ್ಕೆ ಮೊಸರನ್ನದ ಸಮಕ್ಕೆ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ: ಅನ್ನದ ಪಿಷ್ಟ, ಉಪ್ಪು, ನೀರು ಒಟ್ಟಿಗೇ ಸಿಗುತ್ತವೆ, ಬಿಸಿಲಲ್ಲೂ ಗಂಟಲಲ್ಲಿ ಇಳಿಯುತ್ತದೆ.

ಎರಡು ಬಾಟಲಿಯಲ್ಲಿ ಒಂದಕ್ಕೆ ಓಆರ್‌ಎಸ್ ಬೆರೆಸಿ. ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಚಿಕ್ಕದು 200 ಮಿ.ಲೀ.ಗೆ, ಪೊಟ್ಟಣದ ಮೇಲಿನ ಅಳತೆ ಓದಿಯೇ ಹಾಕಿ. ದಾರಿಯಲ್ಲಿ ಎಳನೀರು ಸಿಕ್ಕರೆ ಬಿಡಬೇಡಿ, ಆದರೆ ಅದರಲ್ಲಿ ಸೋಡಿಯಂ ಕಡಿಮೆ. ಬೆವರಿನ ಉಪ್ಪು ತುಂಬಲು ಅದೊಂದೇ ಸಾಲದು.

ನಮ್ಮ ರಸ್ತೆ

ಬ್ರೆವೆಗಳಿಗೆ ಹದವಾದ ಕಾಲವೇ ನಮ್ಮ ಸುಗ್ಗಿ ಕಾಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ರಾಗಿ, ಹುರುಳಿಯನ್ನು ಒಕ್ಕಣೆಗೆಂದು ರಸ್ತೆಗೇ ಹರವಿರುತ್ತಾರೆ. ಒಣಗಿದ ಹುರುಳಿ ಬಳ್ಳಿಯ ಮೇಲೆ ತೆಳು ಟೈರು ಎಣ್ಣೆ ಮೇಲೆ ಜಾರಿದ ಹಾಗೆ ಜಾರುತ್ತದೆ. ಬಳ್ಳಿ ಚೈನಿಗೂ ಸುತ್ತಿಕೊಂಡು ಗೇರು ಬದಲಿಸುವ ತೋಳನ್ನು ಮುರಿಯಬಲ್ಲದು. ದೂರದಿಂದ ಕಂಡ ಕೂಡಲೇ ವೇಗ ತಗ್ಗಿಸಿ. ಅದರ ಮೇಲೆ ಬ್ರೇಕ್ ಹಿಡಿಯುವುದು, ಹ್ಯಾಂಡಲ್ ತಿರುಗಿಸುವುದು ಎರಡೂ ಬೇಡ. ರಾಶಿ ದಪ್ಪವಾಗಿದ್ದರೆ ಇಳಿದು ಸೈಕಲ್ ಎತ್ತಿಕೊಂಡು ದಾಟಿ. ಮಂಡ್ಯ, ಬಾಗಲಕೋಟೆ, ಬೆಳಗಾವಿ ಕಡೆಯಾದರೆ ಕಬ್ಬಿನ ಟ್ರ್ಯಾಕ್ಟರ್. ಹಿಂದೆ ದೀಪವಿಲ್ಲದ ಜೋಡಿ ಟ್ರೈಲರುಗಳು ಮುಸ್ಸಂಜೆಯಲ್ಲಿ ಕಣ್ಣಿಗೆ ಬೀಳುವುದು ತೀರಾ ಹತ್ತಿರ ಹೋದಾಗಲೇ.

ಬಣ್ಣ ಬಳಿಯದ ಹಂಪು ಹಳ್ಳಿಯ ಶುರುವಿಗೊಂದು, ಶಾಲೆಯ ಮುಂದೊಂದು ಇರುತ್ತದೆ. ಮನೆಗಳು ಕಂಡರೆ ಬ್ರೇಕಿನ ಮೇಲೆ ಬೆರಳಿರಲಿ. ನಾಯಿ ಅಟ್ಟಿಸಿಕೊಂಡು ಬಂದರೆ ಗಟ್ಟಿಯಾಗಿ ಗದರಿ. ಬಿಡದಿದ್ದರೆ ನಿಂತು, ಸೈಕಲ್ಲನ್ನು ನಡುವೆ ಅಡ್ಡವಿಟ್ಟುಕೊಂಡು ನಡೆಯಿರಿ. ಓಡುವ ಚಕ್ರ ನಿಂತರೆ ಹೆಚ್ಚಿನ ನಾಯಿಗಳ ಆವೇಶ ಇಳಿಯುತ್ತದೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊಗಳ ಜೊತೆ ಸೈಕಲ್ಲಿಗೂ ನಿಷೇಧವಿದೆ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು.

ಬ್ರೆವೆ ದಿನ

ಈ ಸವಾರಿಗಳ ನಿಯಮ ಪ್ಯಾರಿಸ್ಸಿನ ಔಡಾಕ್ಸ್ ಕ್ಲಬ್‌ನದು. ನಮ್ಮ ದೇಶದಲ್ಲಿ ಔಡಾಕ್ಸ್ ಇಂಡಿಯಾ ಇದನ್ನು ನೋಡಿಕೊಳ್ಳುತ್ತದೆ, ಊರೂರಿನ ಕ್ಲಬ್ಬುಗಳು ನಡೆಸುತ್ತವೆ. ಹೊರಡುವಾಗ ಒಂದು ಕಾರ್ಡು ಕೊಡುತ್ತಾರೆ. ದಾರಿಯ ತಪಾಸಣಾ ಠಾಣೆಗಳಲ್ಲಿ ನಿಗದಿತ ಸಮಯದೊಳಗೆ ಮುದ್ರೆ ಹಾಕಿಸಬೇಕು. ಕಾರ್ಡು ಕಳೆದರೆ ತುಳಿದ ದೂರ ಲೆಕ್ಕಕ್ಕಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಜೇಬಿನ ಜಿಪ್ಪು ಎಳೆಯಿರಿ. ಹೆಲ್ಮೆಟ್, ಮಿನುಗುವ ಪಟ್ಟಿಯ ಮೇಲಂಗಿ, ಮುಂದೆ ಬಿಳಿ ಹಿಂದೆ ಕೆಂಪು ದೀಪ ಇಲ್ಲದಿದ್ದರೆ ಹೊರಡಲು ಬಿಡುವುದಿಲ್ಲ. ಯಾರು ಮೊದಲು ಬಂದರು ಎಂಬ ಪಟ್ಟಿ ಇಲ್ಲಿ ಇಲ್ಲ. ಎಂಟು ಗಂಟೆಯಲ್ಲಿ ಮುಗಿಸಿದವರಿಗೂ ಹದಿಮೂರು ಗಂಟೆಯಲ್ಲಿ ಮುಗಿಸಿದವರಿಗೂ ಒಂದೇ ಮನ್ನಣೆ. ಈ ಕ್ರೀಡೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಇದು.

ಮೊದಲ ಗಂಟೆ ಎಲ್ಲರೂ ಹಾರುತ್ತಾರೆ. ಅವರ ಹಿಂದೆ ಹೋಗಬೇಡಿ. ಪ್ರತಿ ನಿಲುಗಡೆಗೂ ಗಡಿಯಾರ ನೋಡಿ: ಟೀಗೆಂದು ನಿಂತದ್ದು ಇಪ್ಪತ್ತೈದು ನಿಮಿಷವಾಗುವುದು ಗೊತ್ತೇ ಆಗುವುದಿಲ್ಲ. ಮುದ್ರೆ, ನೀರು, ತಿನಿಸು, ಶೌಚ, ಹೊರಡು. ಈ ಕ್ರಮ ತಪ್ಪದಿದ್ದರೆ ಹತ್ತು ನಿಮಿಷ ಸಾಕು.

200 ಆದ ಮೇಲೆ 20 ಗಂಟೆಯ 300, 27 ಗಂಟೆಯ 400, 40 ಗಂಟೆಯ 600 ಇವೆ. ನಾಲ್ಕನ್ನೂ ಒಂದೇ ಋತುವಿನಲ್ಲಿ ಮುಗಿಸಿದವರು ಸೂಪರ್ ರ‍್ಯಾಂಡೊನರ್. 1891ರಲ್ಲಿ ಶುರುವಾದ, ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುವ 1200 ಕಿ.ಮೀ.ಯ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸವಾರಿಗೆ ಇದೇ ಅರ್ಹತೆ. 2023ರದು ಮುಗಿದಿದೆ, ಮುಂದಿನದು 2027ಕ್ಕೆ.

ರೇಸಿಗೆ ಇಳಿಯುವುದಾದರೆ

ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಿಂದ ರಾಷ್ಟ್ರಮಟ್ಟದ ಸೈಕ್ಲಿಸ್ಟುಗಳು ಬಂದಿದ್ದಾರೆ. ಆ ಭಾಗದ ಜಾತ್ರೆಗಳಲ್ಲಿ ಸೈಕಲ್ ಶರ್ಯತ್ತು ನೋಡಿದವರಿಗೆ ರೇಸಿನ ಬಿಸಿ ಹೊಸದಲ್ಲ. ಬೆಂಗಳೂರಿನ ಹವ್ಯಾಸಿಗಳಿಗೆ ಬೆಂಗಳೂರು ಬೈಸಿಕಲ್ ಚಾಂಪಿಯನ್‌ಶಿಪ್ಸ್‌ನಂಥ ಸ್ಥಳೀಯ ರೇಸುಗಳಿವೆ. ಮೊದಲಿಗೆ ಟೈಮ್ ಟ್ರಯಲ್ ಆರಿಸಿಕೊಳ್ಳಿ. ಒಬ್ಬೊಬ್ಬರನ್ನೇ ಅರ್ಧ ಅಥವಾ ಒಂದು ನಿಮಿಷದ ಅಂತರದಲ್ಲಿ ಬಿಡುತ್ತಾರೆ, ಗುಂಪಿನ ಭಯವಿಲ್ಲ. ಇನ್ನೊಬ್ಬರ ಹಿಂದೆ ಗಾಳಿಯ ಮರೆಯಲ್ಲಿ ಹೋಗುವಂತಿಲ್ಲ. ಬೆಟ್ಟ ಹತ್ತುವ ರೇಸೂ ಹೊಸಬರಿಗೆ ಒಳ್ಳೆಯದೇ. ವೇಗ ಕಡಿಮೆ, ಬಿದ್ದರೂ ಪೆಟ್ಟು ಕಡಿಮೆ.

ಎಲ್ಲರನ್ನೂ ಒಟ್ಟಿಗೆ ಬಿಡುವ ರೋಡ್ ರೇಸಿಗೆ ಮೊದಲು ಗುಂಪಿನಲ್ಲಿ ಸವಾರಿ ಮಾಡಿ ಪಳಗಬೇಕು. ಮುಂದಿನವರ ಹಿಂದಿನ ಚಕ್ರದ ಪಕ್ಕಕ್ಕೆ ನಿಮ್ಮ ಮುಂದಿನ ಚಕ್ರ ತೂರಬಾರದು. ಅವರು ಒಂದು ಗೇಣು ಸರಿದರೆ ಬೀಳುವುದು ನೀವು, ನಿಮ್ಮ ಹಿಂದಿರುವ ಹತ್ತು ಜನ. ಕಣ್ಣು ಎದುರಿನ ಚಕ್ರದ ಮೇಲೆ ನೆಡದೆ ಇಬ್ಬರು ಮೂವರ ಆಚೆ ನೋಡುತ್ತಿರಲಿ. ಗುಂಡಿ ಕಂಡರೆ ಕೈ ತೋರಿಸಿ, ಕೂಗಿ ಹೇಳಿ. ಬ್ರೇಕನ್ನು ಸವರಿ, ಹಿಡಿಯಬೇಡಿ. ಮೊದಲ ರೇಸಿನಲ್ಲಿ ಕೊನೆಯ ಐನೂರು ಮೀಟರಿಗೆ ಗುಂಪಿನ ಹಿಂಭಾಗಕ್ಕೆ ಸರಿದುಬಿಡಿ. ಗೆಲ್ಲುವ ಅವಕಾಶವಿದೆ ಅನಿಸಿ ನುಗ್ಗುವುದಾದರೆ ಹಿಡಿದ ಗೆರೆ ಬಿಡದೆ ನೇರ ತುಳಿಯಿರಿ, ಎರಡೂ ಕೈ ಹ್ಯಾಂಡಲ್ಲಿನ ಕೆಳಗಿನ ಬಾಗಿನಲ್ಲಿರಲಿ, ತಲೆ ಎತ್ತಿರಲಿ. ಅಂತಿಮ ಗೆರೆ ದಾಟಿದ ಕೂಡಲೇ ನಿಲ್ಲಬೇಡಿ. ಹಿಂದಿನವರು ಅದೇ ವೇಗದಲ್ಲಿ ಬರುತ್ತಿರುತ್ತಾರೆ.