ಚಾರ್‌ಮಿನಾರ್ ರೂಪಾಯಿ ಕರಗಿಸುವ ಮುನ್ನ

ಬೀದರ್ ಜಿಲ್ಲೆಯ ಡಾಬಕಾದಂಥ ಊರುಗಳಲ್ಲಿ, ಔರಾದ್–ಭಾಲ್ಕಿ ಸುತ್ತಿನ ಹಳೆಯ ಮನೆಗಳಲ್ಲಿ ಹಿರಿಯರ ಪೆಟ್ಟಿಗೆ ತೆರೆದರೆ ಹಾಲಿ ಸಿಕ್ಕಾದ ಬೆಳ್ಳಿ ರೂಪಾಯಿ ಸಿಗುವ ಸಾಧ್ಯತೆ ಇಂದಿಗೂ ಇದೆ. 1956ರ ನವೆಂಬರ್ 1ರವರೆಗೆ ಈ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. ಆ ರಾಜ್ಯಕ್ಕೆ ತನ್ನದೇ ಟಂಕಸಾಲೆ, ತನ್ನದೇ ನಾಣ್ಯ; ಅದೇ ಹಾಲಿ ಸಿಕ್ಕಾ. 7 ಹಾಲಿ ರೂಪಾಯಿಗೆ 6 ಭಾರತೀಯ ರೂಪಾಯಿ ಎಂಬ ಲೆಕ್ಕದಲ್ಲಿ ಕೆಲವು ವರ್ಷ ಎರಡೂ ಜೊತೆಯಾಗಿ ಓಡಾಡಿ, 1959ರಲ್ಲಿ ಹಾಲಿಯ ಚಲಾವಣೆ ನಿಂತಿತು. ಖರ್ಚಿಗೆ ಬಾರದೆ ಉಳಿದ ಬೆಳ್ಳಿ ಪೆಟ್ಟಿಗೆ ಸೇರಿತು. ಕೆಲವು ನಾಣ್ಯಗಳು ಕೊಂಡಿ ಬೆಸೆಸಿಕೊಂಡು ಕೊರಳ ಸರವಾದವು. ಈಗ ಮದುವೆಗೋ ಬಿತ್ತನೆಗೋ ಹಣ ಬೇಕಾದಾಗ ಮೊದಲು ನೆನಪಾಗುವುದು ಸರಾಫರ ತಕ್ಕಡಿ. ಆ ತಕ್ಕಡಿಗೆ ಹಾಕುವ ಮೊದಲು ಒಂದು ಮಾತು ಯೋಚಿಸಬೇಕೆಂದು ನನಗನಿಸುತ್ತದೆ. ಹಳೆಯ ವಸ್ತುವಿಗೆ ಬೆಲೆ ಬರುವುದು ಬರೀ ತೂಕದಿಂದಲ್ಲ, ಬರೀ ವಯಸ್ಸಿನಿಂದಲೂ ಅಲ್ಲ. ಅದು ಏನು, ಎಲ್ಲಿಂದ ಬಂತು, ಯಾವ ಸ್ಥಿತಿಯಲ್ಲಿದೆ ಎಂಬುದಕ್ಕೆ ಇರುವ ಸಾಕ್ಷ್ಯದಿಂದ.

ನಾಣ್ಯವನ್ನೇ ಕೈಗೆತ್ತಿಕೊಂಡು ನೋಡೋಣ. ಚಾರ್‌ಮಿನಾರ್ ಚಿತ್ರದ ಬೆಳ್ಳಿ ರೂಪಾಯಿಯ ತೂಕ ಸುಮಾರು 11.18 ಗ್ರಾಂ, ಅದರಲ್ಲಿ ಬೆಳ್ಳಿ ಶೇ. 81.8. ಅಂದರೆ ಶುದ್ಧ ಬೆಳ್ಳಿ 9 ಗ್ರಾಂಗಿಂತ ತುಸು ಹೆಚ್ಚು. ಆದರೆ ಎರಡನೇ ಮಹಾಯುದ್ಧದ ಕಾಲದಲ್ಲಿ ಅಚ್ಚಾದ ರೂಪಾಯಿಗಳಲ್ಲಿ ಬೆಳ್ಳಿಯ ಪ್ರಮಾಣ ಅರ್ಧಕ್ಕೆ ಇಳಿಯಿತು. ಚಿತ್ರ ಅದೇ, ಬೆಳ್ಳಿ ಬೇರೆ. ಹೀಗಾಗಿ ತೂಕಕ್ಕೆ ಮಾರುವವನಿಗೂ ನಾಣ್ಯದ ಮೇಲಿನ ಹಿಜರಿ ವರ್ಷ ಓದಲು ಬರಬೇಕು, ಇಲ್ಲವೇ ಓದಬಲ್ಲವರನ್ನು ಕೇಳಬೇಕು. ನಮ್ಮ ಭಾಗದಲ್ಲಿ ಉರ್ದು ಬಲ್ಲ ಹಿರಿಯರಿಗೆ ಕೊರತೆಯಿಲ್ಲ. ಸಂಗ್ರಾಹಕರ ಕಣ್ಣು ಇನ್ನೂ ಸೂಕ್ಷ್ಮ. ಚಾರ್‌ಮಿನಾರಿನ ಬಾಗಿಲೊಳಗೆ ಒಂದು ಅಕ್ಷರವಿದೆ: ನಿಜಾಮ ಮೆಹಬೂಬ್ ಅಲಿ ಖಾನರ ಕಾಲದ್ದಾದರೆ ಮೀಮ್, 1911ರಲ್ಲಿ ಪಟ್ಟಕ್ಕೆ ಬಂದ ಉಸ್ಮಾನ್ ಅಲಿ ಖಾನರದ್ದಾದರೆ ಐನ್. ಉಸ್ಮಾನರ ಮೊದಮೊದಲ ನಾಣ್ಯಗಳಲ್ಲಿ ಆ ಐನ್ ಚಿಕ್ಕದು, ನಂತರದವುಗಳಲ್ಲಿ ಪೂರ್ಣ. ತಕ್ಕಡಿಗೆ ಈ ವ್ಯತ್ಯಾಸ ಕಾಣದು, ಕರಗಿಸುವ ಮೂಸೆಯಲ್ಲಿ ಅದು ಉಳಿಯುವುದೂ ಇಲ್ಲ.

ಸಾಕ್ಷ್ಯವೇ ಬೆಲೆ ಎಂಬುದಕ್ಕೆ ಅತ್ಯಂತ ಸ್ಪಷ್ಟ ಪುರಾವೆ ದೂರದ ಅಮೆರಿಕದಲ್ಲಿದೆ. ಅಲ್ಲಿ ಬೇಸ್‌ಬಾಲಿನ ಆರಂಭದ ದಿನಗಳ ವಸ್ತು ಸಂಗ್ರಹಿಸುವುದು ದೊಡ್ಡ ವ್ಯಾಪಾರ. 1909–11ರಲ್ಲಿ ಸಿಗರೇಟು ಪ್ಯಾಕಿನ ಜೊತೆ ಹಂಚುತ್ತಿದ್ದ ಹೋನಸ್ ವ್ಯಾಗ್ನರ್ ಎಂಬ ಆಟಗಾರನ ಚಿತ್ರಚೀಟಿಗಳಲ್ಲಿ ಒಂದು 2022ರಲ್ಲಿ 72.5 ಲಕ್ಷ ಡಾಲರಿಗೆ ಮಾರಾಟವಾಯಿತು. ಅದರಲ್ಲಿ ಬೆಳ್ಳಿಯಿಲ್ಲ, ಬಂಗಾರವಿಲ್ಲ, ಬರೀ ಕಾಗದ. ಉಳಿದಿರುವ ಪ್ರತಿಗಳು ತೀರಾ ವಿರಳ ಎಂಬುದು ಮತ್ತು ಇದು ಅಸಲಿಯೇ ಎಂಬುದಕ್ಕೆ ಇರುವ ಒಪ್ಪಿಗೆ, ಇವೆರಡಕ್ಕೇ ಆ ಹಣ. ಇದೇ ಚೀಟಿಯ ಇನ್ನೊಂದು ಪ್ರತಿ, ಅತ್ಯುತ್ತಮ ಸ್ಥಿತಿಯದ್ದೆಂದು ಹೆಸರಾಗಿ, 2007ರಲ್ಲಿ 28 ಲಕ್ಷ ಡಾಲರಿಗೆ ಹೋಗಿತ್ತು. ಅದರ ಅಂಚನ್ನು ತಾನೇ ಕತ್ತರಿಸಿ ಚೊಕ್ಕ ಮಾಡಿದ್ದಾಗಿ ಬಿಲ್ ಮಾಸ್ಟ್ರೋ ಎಂಬ ಹರಾಜುದಾರ 2013ರಲ್ಲಿ ನ್ಯಾಯಾಲಯದ ಮುಂದೆ ಒಪ್ಪಿಕೊಂಡ. ಪರಿಣತರು, ಪ್ರಮಾಣಪತ್ರಗಳು, ಇಷ್ಟು ದೊಡ್ಡ ಹಣ ಎಲ್ಲ ಇದ್ದ ಪೇಟೆಯಲ್ಲೇ ಮೋಸ ವರ್ಷಗಟ್ಟಲೆ ನಿಂತಿತೆಂದ ಮೇಲೆ, ಕಾಗದಪತ್ರವೇ ಇಲ್ಲದ ನಮ್ಮ ಸಂತೆಯಲ್ಲಿ ‘ನಿಜಾಮರ ಕಾಲದ್ದು’ ಎಂಬ ಬಾಯಿಮಾತಿಗೆ ಹಣ ಕೊಡುವುದು ಎಷ್ಟು ಸರಿ? ಬೀದರಿನ ಕರಕುಶಲ ಬಿದ್ರಿ ವಸ್ತುಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಸತು–ತಾಮ್ರದ ಆ ಮಿಶ್ರಲೋಹಕ್ಕೆ ಬೀದರ್ ಕೋಟೆಯ ಮಣ್ಣು, ನವಸಾಗರ ಬೆರೆಸಿ ಹಚ್ಚಿ ಕಪ್ಪು ಬಣ್ಣ ತರುತ್ತಾರೆ. ನಿನ್ನೆ ಮಾಡಿದ ಹೂದಾನಿಯೂ ಕಪ್ಪಗೇ ಇರುತ್ತದೆ. ಬಣ್ಣ ನೋಡಿ ವಯಸ್ಸು ಹೇಳಲಾಗದು. ಬಿದ್ರಿ ಬೇಕೆಂದರೆ ಇಂದಿನ ಕುಶಲಕರ್ಮಿಯ ಕೈಯಿಂದಲೇ, ಕಲೆಗೆಂದೇ ಕೊಳ್ಳಿ. ಹಣ ಆ ಮನೆಗಾದರೂ ತಲುಪುತ್ತದೆ.

ಕರಗಿಸುವ ಮುನ್ನ ಯೋಚಿಸಿ ಎಂಬ ನನ್ನ ಮಾತಿಗೆ ಆಕ್ಷೇಪಗಳಿವೆ, ಅವು ಹಗುರವಾದವಲ್ಲ. ಮೊದಲನೆಯದು: ಹಾಲಿ ರೂಪಾಯಿ ಲಕ್ಷಗಟ್ಟಲೆ ಅಚ್ಚಾದ ನಾಣ್ಯ, ಬಹುಪಾಲಿಗೆ ಬೆಳ್ಳಿಯ ಬೆಲೆಗಿಂತ ಹೆಚ್ಚೇನೂ ಸಿಗದು. ನಿಜ. ಆದರೆ ಯಾವುದು ಆ ಬಹುಪಾಲಿನದ್ದು, ಯಾವುದು ಅಲ್ಲ ಎಂದು ತಿಳಿಯಲು ಒಂದು ವಾರದ ವಿಚಾರಣೆ ಸಾಕು. ಸಾಮಾನ್ಯ ನಾಣ್ಯವೆಂದು ಗೊತ್ತಾದ ಮೇಲೂ ಬೆಳ್ಳಿಯ ಬೆಲೆ ಎಲ್ಲಿಗೂ ಹೋಗುವುದಿಲ್ಲ. ಎರಡನೆಯದು: ಹಾಗಿದ್ದರೆ ಇಂಥವನ್ನು ಕೊಂಡು ಕೂಡಿಡುವುದೇ ಒಳ್ಳೆಯ ಹೂಡಿಕೆಯಲ್ಲವೇ? ಅಲ್ಲ ಎನ್ನುತ್ತೇನೆ. ಠೇವಣಿಗೆ ಬಡ್ಡಿ ಬರುತ್ತದೆ, ಹೊಲ ಬೆಳೆ ಕೊಡುತ್ತದೆ, ನಾಣ್ಯ ಸುಮ್ಮನೆ ಕೂತಿರುತ್ತದೆ. ಕೊಳ್ಳುವಾಗಿನ ದರಕ್ಕೂ ಮಾರುವಾಗಿನ ದರಕ್ಕೂ ನಡುವಿನ ಅಂತರ ವ್ಯಾಪಾರಿಯ ಪಾಲು. ತುರ್ತಿನಲ್ಲಿ ಮಾರಲು ಹೊರಟವನಿಗೆ ತಕ್ಕ ಗಿರಾಕಿ ಸಿಗುವುದಿಲ್ಲ. ಆಸೆಯಿಂದ ಸಂಗ್ರಹಿಸುವವರು ಅದನ್ನು ಖರ್ಚಿನ ಬಾಬತ್ತಿಗೆ ಬರೆದುಕೊಳ್ಳಲಿ, ಉಳಿತಾಯದ ಬಾಬತ್ತಿಗಲ್ಲ. ಮನೆಯಲ್ಲಿ ಇರುವುದನ್ನು ಅರಿತು ಕಾಪಾಡುವುದು ಒಂದು ಮಾತು, ಲಾಭಕ್ಕೆಂದು ಹೊಸದಾಗಿ ಕೊಳ್ಳುವುದು ಬೇರೆಯೇ ಮಾತು.

ಕಾನೂನನ್ನೂ ತಿಳಿದಿರಬೇಕು. 1972ರ ಪ್ರಾಚೀನ ವಸ್ತು ಮತ್ತು ಕಲಾ ಸಂಪತ್ತು ಕಾಯ್ದೆಯ ಪ್ರಕಾರ 100 ವರ್ಷ ತುಂಬಿದ ನಾಣ್ಯವೂ ಪ್ರಾಚೀನ ವಸ್ತುವೇ. ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ, ಅದರ ವ್ಯಾಪಾರಕ್ಕೆ ಪರವಾನಗಿ ಬೇಕು. ಹೊಲ ಉಳುವಾಗ ಸಿಕ್ಕ ಗಂಟು ಅಜ್ಜ ಕೂಡಿಟ್ಟ ಗಂಟಿನಂತಲ್ಲ. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. ಮುಚ್ಚಿಟ್ಟು ಮಾರಿದರೆ ಹಣವೂ ಹೋಗುತ್ತದೆ, ಶಿಕ್ಷೆಯೂ ಆಗುತ್ತದೆ.

ಹಾಗಾಗಿ ನನ್ನ ಸಲಹೆ ದುಬಾರಿಯದ್ದಲ್ಲ. ನಾಣ್ಯವನ್ನು ಹುಣಸೆಹಣ್ಣು, ಬೂದಿ ಹಚ್ಚಿ ಉಜ್ಜಬೇಡಿ. ಹೊಳಪು ಬಂದಷ್ಟೂ ಸಂಗ್ರಾಹಕರ ಬೆಲೆ ಇಳಿಯುತ್ತದೆ. ಹೊಸದಾಗಿ ಕೊಂಡಿ ಬೆಸೆಸಬೇಡಿ. ಎರಡೂ ಮುಖದ ಫೋಟೋ ತೆಗೆದು, ತೂಕ, ವರ್ಷ, ಯಾರಿಂದ ಯಾರಿಗೆ ಬಂತು ಎಂಬುದನ್ನು ಒಂದು ವಹಿಯಲ್ಲಿ ಬರೆದಿಡಿ. ತಿಳಿದ ಹಿರಿಯರು ಇರುವಾಗಲೇ ಇದು ಆಗಬೇಕು, ಏಕೆಂದರೆ ಅವರು ಹೋದ ಮೇಲೆ ಆ ಸಾಕ್ಷ್ಯವನ್ನು ಯಾವ ಹಣ ಕೊಟ್ಟರೂ ತರಲಾಗದು. ಮಾರಲೇಬೇಕಾಗಿ ಬಂದರೆ ಒಬ್ಬ ಸರಾಫರನ್ನೂ ನಾಣ್ಯ ಬಲ್ಲ ಒಬ್ಬರನ್ನೂ ಬೇರೆಬೇರೆಯಾಗಿ ಕೇಳಿ, ರಸೀದಿ ಪಡೆದು ಮಾರಿ. ಕಷ್ಟಕಾಲದಲ್ಲಿ ಮಾರುವುದು ತಪ್ಪಲ್ಲ. ಏನು ಮಾರುತ್ತಿದ್ದೇವೆಂದು ತಿಳಿದು ಮಾರುವ ಹಕ್ಕು ಬಡ ಮನೆಗೂ ಇದೆ, ಆ ಹಕ್ಕನ್ನು ಯಾರೂ ಬಿಟ್ಟುಕೊಡಬಾರದು.