ಹದಿನಾರು ಪುಟದಲ್ಲಿ ಒಬ್ಬರು ಅಜ್ಜಿ: ಚಿತ್ರಪುಸ್ತಕ ಬರೆಯೋಕೆ ನಾವು ಕಲಿತ ಬಗೆ

"ಚಿಕ್ಕ ಮಕ್ಕಳ ಪುಸ್ತಕ ತಾನೇ, ಒಂದು ವೀಕೆಂಡಲ್ಲಿ ಮುಗಿಸಿಬಿಡೋಣ" ಅಂದುಕೊಂಡೇ ನಾವು ನಾಲ್ಕು ಜನ ಶುರು ಮಾಡಿದ್ದು. ಮುಗಿಯೋಕೆ ಇಡೀ ಸೆಮಿಸ್ಟರ್ ಬೇಕಾಯ್ತು. ಮಧ್ಯದಲ್ಲಿ ಎರಡು ಇಂಟರ್ನಲ್ಸ್, ಲ್ಯಾಬ್ ಎಕ್ಸಾಮ್ ಎಲ್ಲಾ ಬಂದುಹೋದವು ನಿಜ. ಆದರೆ ತಡವಾಗಿದ್ದು ಅದಕ್ಕಲ್ಲ. ನಮಗೆ ಬರೆಯೋಕೆ ಬರ್ತಿರಲಿಲ್ಲ, ಅದಕ್ಕೆ.

ನಮ್ಮ ಕನ್ನಡ ಸಂಘದಿಂದ ಶನಿವಾರ ಬೆಳಿಗ್ಗೆ ಬನಶಂಕರಿ ಕಡೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಗೆ ಕಥೆ ಓದೋಕೆ ಹೋಗ್ತೀವಿ ಅನ್ನೋದು ನಿಮಗೆ ಗೊತ್ತು. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು. ತಗೊಂಡುಹೋದ ಪುಸ್ತಕಗಳೆಲ್ಲ ಮುಗಿದಾಗ "ನಾವೇ ಒಂದು ಬರೆದರೆ?" ಅನ್ನೋ ಮಾತು ಬಂತು. ನಾಲ್ವರಲ್ಲಿ ಮೂವರು ನರ್ಸರಿಯಿಂದಲೂ ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಕನ್ನಡ ಮಾತಾಡ್ತೀವಿ, ಪರೀಕ್ಷೆಗೆ ಬೇಕಾದಷ್ಟು ಓದಿದ್ದೀವಿ, ಅಷ್ಟೇ. ನಾವು ಮಾಡಿದ ತಪ್ಪುಗಳನ್ನು ಇಲ್ಲಿ ಬರೀತಿದ್ದೀವಿ. ಮುಂದೆ ಬರೆಯೋರಿಗೆ ಉಪಯೋಗಕ್ಕೆ ಬರಬಹುದು.

ನಮ್ಮ ಕಥೆ ಚಿಕ್ಕದು. ಚಿನ್ನಿ ಮತ್ತು ಅವಳ ಅಜ್ಜಿ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೊರಡ್ತಾರೆ. ಬನಶಂಕರಿ ಮೆಟ್ರೋ ಸ್ಟೇಷನ್ನಿನಲ್ಲಿ ಅಜ್ಜಿ ಎಸ್ಕಲೇಟರ್ ಮುಂದೆ ನಿಂತುಬಿಡ್ತಾರೆ. ಮುಂದೇನು? ಇಷ್ಟೇ.

ಮೊದಲು ಪೇಪರ್ ಮಡಚಿ

ನಾವು ಮೊದಲು ಲ್ಯಾಪ್‌ಟಾಪ್ ತೆರೆದು 430 ಪದದ ಕಥೆ ಟೈಪ್ ಮಾಡಿದೆವು. ಅದು ಮೊದಲ ತಪ್ಪು. ಚಿತ್ರಪುಸ್ತಕದ ಅಳತೆ ಪುಟ, ಪದ ಅಲ್ಲ. ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿ ಮಡಚಿ ಕತ್ತರಿಸೋದರಿಂದ ಪುಸ್ತಕದ ಪುಟಗಳು ಸಾಮಾನ್ಯವಾಗಿ 8ರ ಅಥವಾ 16ರ ಲೆಕ್ಕದಲ್ಲಿ ಬರುತ್ತವೆ. ಅದಕ್ಕೇ ಜಗತ್ತಿನ ಬಹಳಷ್ಟು ಚಿತ್ರಪುಸ್ತಕಗಳು 32 ಪುಟದವು.

ನಾವು 16 ಸಾಕು ಅಂದುಕೊಂಡೆವು. ನಾಲ್ಕು ಎ4 ಹಾಳೆ ಒಟ್ಟಿಗೆ ಇಟ್ಟು ಅರ್ಧಕ್ಕೆ ಮಡಚಿ, ಮಧ್ಯೆ ಸ್ಟೇಪ್ಲರ್ ಹೊಡೆದರೆ 16 ಪುಟದ ಡಮ್ಮಿ ರೆಡಿ. ಮೊದಲ ಪುಟ ಪುಸ್ತಕದ ಹೆಸರಿಗೆ. ಆಮೇಲೆ 2–3, 4–5 ಹೀಗೆ 14–15ರವರೆಗೆ ಎದುರುಬದುರು ಪುಟಗಳ ಏಳು ಜೋಡಿ. ಕೊನೆಗೆ 16ನೇ ಪುಟ ಒಂಟಿ. ಅಂದರೆ ಕಥೆ ಹೇಳೋಕೆ ಇರೋದು ಏಳು ಜೋಡಿಪುಟ, ಒಂದು ಒಂಟಿಪುಟ. ಡಮ್ಮಿ ಕೈಗೆ ಬಂದ ಮೇಲೆ ಗೊತ್ತಾಯ್ತು, ನಮ್ಮ 430 ಪದಗಳಲ್ಲಿ ಅರ್ಧ ಹೋದರೂ ಕಥೆಗೆ ನಷ್ಟ ಇಲ್ಲ ಅಂತ.

ಚಿತ್ರ ಹೇಳಿದ್ದನ್ನು ನಾವು ಹೇಳಬಾರದು

ನಮ್ಮ ಮೊದಲ ಕರಡಿನ ಒಂದು ವಾಕ್ಯ ನೋಡಿ: "ಅಜ್ಜಿಯು ತನ್ನ ಕೆಂಪು ಬಣ್ಣದ ಸೀರೆಯ ನೆರಿಗೆಯನ್ನು ಕೈಯಿಂದ ಹಿಡಿದುಕೊಂಡು ಎಸ್ಕಲೇಟರ್‌ನ ಮುಂದೆ ಭಯಭೀತಳಾಗಿ ನಿಂತಿದ್ದಳು."

ಚಿತ್ರ ಬರೆಯೋ ಗೆಳತಿ ಇದನ್ನು ಓದಿ ಒಂದೇ ಪ್ರಶ್ನೆ ಕೇಳಿದಳು: "ಹಾಗಾದ್ರೆ ನಾನೇನು ಬರೀಲಿ?" ಸೀರೆ ಕೆಂಪು ಅನ್ನೋದು ಚಿತ್ರದಲ್ಲಿ ಕಾಣುತ್ತೆ. ನೆರಿಗೆ ಹಿಡಿದಿರೋದು ಕಾಣುತ್ತೆ. ಹೆದರಿಕೆ ಮುಖದಲ್ಲೇ ಇರುತ್ತೆ. ಹಾಗಾಗಿ ಒಂದು ಕೆಲಸ ಮಾಡಿದೆವು. ಅವಳ ಪೆನ್ಸಿಲ್ ಚಿತ್ರವನ್ನು ಮುಂದಿಟ್ಟುಕೊಂಡು, ಕಣ್ಣಿಗೆ ಕಾಣೋ ಪದವನ್ನೆಲ್ಲ ಹೊಡೆದುಹಾಕಿದೆವು. ಉಳಿದಿದ್ದು ಎರಡು ಪದ: "ಅಜ್ಜಿ ನಿಂತರು."

ಇದರಲ್ಲಿ ಇನ್ನೊಂದು ಲಾಭವಿದೆ. ಓದು ಬಾರದ ಮಗು ಚಿತ್ರ ನೋಡಿ ತಾನೇ ಹೇಳುತ್ತೆ, "ಅಕ್ಕಾ, ಅಜ್ಜಿ ಹೆದರಿಬಿಟ್ರು!" ಅದನ್ನು ಕಂಡುಹಿಡಿದ ಖುಷಿ ಮಗುವಿನದ್ದೇ. ನಾವೇ ಹೇಳಿಬಿಟ್ಟರೆ ಆ ಖುಷಿ ಕಿತ್ತುಕೊಂಡ ಹಾಗೆ.

ಪುಟ ತಿರುಗಿಸೋ ಜಾಗ

ಸಿನಿಮಾದಲ್ಲಿ ಇಂಟರ್ವಲ್ ಎಲ್ಲಿ ಬರಬೇಕು ಅಂತ ಲೆಕ್ಕ ಹಾಕ್ತಾರಲ್ಲ, ಚಿತ್ರಪುಸ್ತಕದಲ್ಲಿ ಪುಟ ತಿರುಗಿಸೋ ಪ್ರತಿ ಸಲವೂ ಒಂದು ಪುಟ್ಟ ಇಂಟರ್ವಲ್. ಪ್ರಶ್ನೆ ಬಲಗಡೆ ಪುಟದ ಕೆಳಗಿರಬೇಕು, ಉತ್ತರ ತಿರುಗಿಸಿದ ಮೇಲೆ ಸಿಗಬೇಕು. ನಮ್ಮ ಮೊದಲ ಡಮ್ಮಿಯಲ್ಲಿ ಎರಡೂ ಒಂದೇ ಜೋಡಿಪುಟದಲ್ಲಿದ್ದವು. ಮಕ್ಕಳ ಕಣ್ಣು ಮೊದಲೇ ಉತ್ತರದ ಚಿತ್ರಕ್ಕೆ ಹೋಗಿತ್ತು, ನಾವು ಸುಮ್ಮನೆ ಪ್ರಶ್ನೆ ಓದ್ತಾ ಇದ್ದೆವು.

ಈಗ ಹೀಗಿದೆ. 4–5ರಲ್ಲಿ "ಚಿನ್ನಿ ಸರಸರ ಹತ್ತಿದಳು. ಅಜ್ಜಿ?" ತಿರುಗಿಸಿದರೆ ಅಜ್ಜಿ ಕೆಳಗೇ ನಿಂತಿದ್ದಾರೆ. 8–9ರಲ್ಲಿ ಹೂವಿನವರು ಹತ್ತಿದರು, ಪೊಲೀಸ್ ಮಾಮ ಹತ್ತಿದರು. "ಅಜ್ಜಿ?" ತಿರುಗಿಸಿದರೆ ಅಜ್ಜಿ ಒಂದು ಕಾಲು ಎತ್ತಿದ್ದಾರೆ. 12–13ರಲ್ಲಿ ಒಂದೂ ಪದವಿಲ್ಲ. ಅಜ್ಜಿ, ಬ್ಯಾಗು, ಕೊಡೆ, ಅಗಲವಾದ ಕಣ್ಣು, ಮೇಲಕ್ಕೆ ಹೋಗ್ತಿರೋ ಮೆಟ್ಟಿಲು. ಎರಡನೇ ಸಲ "ಅಜ್ಜಿ?" ಬರೋ ಹೊತ್ತಿಗೆ ಮಕ್ಕಳೇ ನಮಗಿಂತ ಮೊದಲು ಕೂಗೋಕೆ ಶುರು ಮಾಡ್ತಾರೆ.

"ಅಜ್ಜಿ ಯಾಕೆ ಹಿಂಗ ಮಾತಾಡ್ತಾರ?"

ಅತಿ ಕಷ್ಟವಾಗಿದ್ದು ಇದು. ನಮ್ಮ ಅಜ್ಜಿ ಮೊದಲ ಕರಡಿನಲ್ಲಿ "ನಾನು ಬಹಳ ಹೆದರಿದ್ದೇನೆ" ಅಂತಿದ್ದರು. ನಿಜ ಹೇಳಬೇಕಂದ್ರೆ ಆ ವಾಕ್ಯ ನಮ್ಮ ತಲೆಯಲ್ಲಿ ಮೊದಲು ಇಂಗ್ಲಿಷಿನಲ್ಲಿ ಬಂದಿತ್ತು, ಆಮೇಲೆ ಕನ್ನಡಕ್ಕೆ ಇಳಿಸಿದ್ದು. ಓದಿ ಹೇಳುವಾಗ "ಭಯಭೀತಳಾಗಿ" ಹತ್ತಿರ ನಮ್ಮವನೇ ತೊದಲಿದ. ಕೊಪ್ಪಳದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಮನೆಯ ಹುಡುಗಿಯೊಬ್ಬಳು ಕೇಳಿದಳು: "ಅಕ್ಕಾ, ಅಜ್ಜಿ ಯಾಕೆ ಹಿಂಗ ಮಾತಾಡ್ತಾರ?"

"ನಿಮ್ಮಜ್ಜಿ ಆದ್ರೆ ಏನಂತಿದ್ರು?" ಅಂತ ನಾವು ಕೇಳಿದೆವು.

"ಎದಿ ಡವಡವ ಅನ್ನಾಕತ್ತೈತಿ ಅಂತಾಳ."

ಇಡೀ ಕ್ಲಾಸ್ ನಕ್ಕಿತು. ನಾವು ಪೆನ್ನು ತೆಗೆದೆವು.

ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯನ್ನು ಮತ್ತೆ ಓದಿದ್ದು ಆಗಲೇ. ಅದಕ್ಕೆ ಮೂಲ ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ ಬರೆದ, ಜರ್ಮನಿಯ ಹ್ಯಾಮೆಲಿನ್ ಊರಿನ ಇಲಿಗಳ ಕಥೆ. ಆದರೆ ಕುವೆಂಪು ಬರೀ ಪದಗಳನ್ನು ಬದಲಾಯಿಸಲಿಲ್ಲ. ಊರನ್ನೇ ತುಂಗಾ ತೀರಕ್ಕೆ ತಂದರು, ಕೊಳಲೂದುವವನನ್ನು ಜೋಗಿ ಮಾಡಿದರು. ಅದು ಎಷ್ಟು ನಮ್ಮದಾಯ್ತು ಅಂದ್ರೆ, ನಮ್ಮಲ್ಲೊಬ್ಬ ಮೊನ್ನೆ ಮೊನ್ನೆವರೆಗೂ ಅದು ಸಿಲ್ಕ್ ಬೋರ್ಡ್ ಆಚೆ ಬರೋ ಬೊಮ್ಮನಹಳ್ಳಿ ಅಂತಲೇ ನಂಬಿದ್ದ! ಜಿ.ಪಿ. ರಾಜರತ್ನಂ ಅವರನ್ನೂ ನೆನೆಯಬೇಕು. ಆಡುಮಾತಿನಲ್ಲೇ 'ರತ್ನನ ಪದಗಳು' ಬರೆದವರೇ ಮಕ್ಕಳಿಗೆ 'ತುತ್ತೂರಿ' ಕೊಟ್ಟವರು. ಇಬ್ಬರೂ ಕಿವಿಯಿಂದ ಬರೆದವರು ಅಂತ ನಮಗೆ ಅನಿಸಿತು.

ಕೊನೆಗೆ ನಾವು ಮಾಡಿಕೊಂಡ ನಿಯಮ ಇಷ್ಟು: ಪಾತ್ರಗಳ ಮಾತು ಆಡುಮಾತಿನಲ್ಲಿ, ಕಥೆ ಹೇಳೋ ವಾಕ್ಯ ಸರಳ ಬರವಣಿಗೆಯಲ್ಲಿ. "ಹತ್ತುತ್ತಿದ್ದಾರೆ" ಬೇಕೋ "ಹತ್ತುತಿದಾರೆ" ಬೇಕೋ ಅನ್ನೋ ಜಗಳ ಬಂದಾಗ "ಹತ್ತಿದರು" ಅಂತ ಬರೆದು ಮುಂದೆ ಹೋಗೋದು.

ಎರಡೇ ಅಕ್ಷರದ ಪದ

ಪ್ರಥಮ್ ಬುಕ್ಸ್ 2004ರಲ್ಲಿ ನಮ್ಮ ಬೆಂಗಳೂರಿನಲ್ಲೇ ಶುರುವಾದ ಸಂಸ್ಥೆ. 2015ರಲ್ಲಿ ಅವರು ತಂದ ಸ್ಟೋರಿವೀವರ್‌ನಲ್ಲಿ ಯಾರು ಬೇಕಾದರೂ ಚಿತ್ರಕಥೆಗಳನ್ನು ಉಚಿತವಾಗಿ ಓದಬಹುದು, ಅನುವಾದ ಮಾಡಬಹುದು, ಬರೆಯಬಹುದು. ಅಲ್ಲಿ ಓದಿನ ನಾಲ್ಕು ಹಂತಗಳಿವೆ. ಮೊದಲ ಹಂತದ ಕಥೆ 250 ಪದದೊಳಗೆ, ಎರಡನೆಯದು 600ರವರೆಗೆ. ನಾವು 250ರೊಳಗೆ ಬಂದ ಕೂಡಲೇ ಗೆದ್ದೆವು ಅಂದುಕೊಂಡೆವು. ಆದರೂ ಮಕ್ಕಳು ಎಡವುತ್ತಿದ್ದರು.

ಕಾರಣ ಪದಗಳ ಸಂಖ್ಯೆ ಅಲ್ಲ. ಡಾಕ್ಟರ್ ಸ್ಯೂಸ್ 1960ರಲ್ಲಿ ಬರೀ 50 ಬೇರೆ ಬೇರೆ ಪದಗಳಲ್ಲಿ ಒಂದು ಇಡೀ ಪುಸ್ತಕ ಬರೆದರು. ಇಂಗ್ಲಿಷಿನಲ್ಲಿ ಆ ಲೆಕ್ಕ ನಡೆಯುತ್ತೆ. ಕನ್ನಡದಲ್ಲಿ ಮನೆ, ಮನೆಗೆ, ಮನೆಯಿಂದ, ಮನೆಯೊಳಗೆ ಅಂತ ಪದ ಬಾಲ ಬೆಳೆಸಿಕೊಳ್ತಾ ಹೋಗುತ್ತೆ. ಜೊತೆಗೆ ಒತ್ತಕ್ಷರ. ಹಾಗಾಗಿ ಪದದ ಬದಲು ಒತ್ತಕ್ಷರ ಎಣಿಸಬೇಕು. "ಎಸ್ಕಲೇಟರ್" ಅನ್ನೋ ಪದದಲ್ಲೇ ಒಂದು ಒತ್ತಕ್ಷರ, ಕೊನೆಗೊಂದು ಅರ್ಧಾಕ್ಷರ. ಮಕ್ಕಳು ಅದಕ್ಕೆ "ಓಡೋ ಮೆಟ್ಲು" ಅಂತಿದ್ದರು. ಅದೇ ಪುಸ್ತಕದ ಹೆಸರಾಯ್ತು: 'ಓಡುವ ಮೆಟ್ಟಿಲು'.

ಆ ಶಾಲೆಯ ಮಿಸ್ ಇನ್ನೊಂದು ವಿಷಯ ಹೇಳಿಕೊಟ್ಟರು. ಸರ್ಕಾರಿ ಶಾಲೆಗಳಲ್ಲಿ ಮೂರನೇ ತರಗತಿವರೆಗೆ ಇರೋ ನಲಿ-ಕಲಿ ಪದ್ಧತಿ 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾಗಿದ್ದು. ಅದರಲ್ಲಿ ಅಕ್ಷರ ಕಲಿಕೆ ಅ, ಆ, ಇ, ಈ ಅಂತ ಶುರುವಾಗಲ್ಲ. ರ, ಗ, ಸ, ದ, ಅ ಮೊದಲು ಬರುತ್ತವೆ. ನಾಲ್ಕೈದು ಅಕ್ಷರ ಬಂದ ತಕ್ಷಣ ಮಗು ಸರ, ಗರಗಸ, ಅರಸ ಅಂತ ಪೂರ್ತಿ ಪದವನ್ನೇ ಓದಬಹುದು.

ಅವತ್ತು ಬಸ್ಸಲ್ಲಿ ವಾಪಸ್ ಬರ್ತಾ ನಮಗೆ ಹೊಳೀತು. ಡವಡವ, ಸರಸರ, ದರದರ, ಗಡಗಡ, ಪಟಪಟ. ಒಂದರಲ್ಲೂ ಒತ್ತಕ್ಷರ ಇಲ್ಲ. ಎರಡು ಅಕ್ಷರ ಗೊತ್ತಿದ್ದರೆ ನಾಲ್ಕು ಅಕ್ಷರದ ಪದ ಓದಿದ ಹಾಗೆ. ಹೈಸ್ಕೂಲಿನಲ್ಲಿ "ಅನುಕರಣಾವ್ಯಯಕ್ಕೆ ಉದಾಹರಣೆ ಕೊಡಿ" ಅಂತ ಒಂದು ಮಾರ್ಕಿಗೆ ಬಾಯಿಪಾಠ ಮಾಡಿದ್ದು ಇವನ್ನೇ. ಓದು ಕಲಿಯೋ ಮಗುವಿಗಾಗಿಯೇ ಮಾಡಿಟ್ಟಂಥ ಪದಗಳು ಕನ್ನಡದಲ್ಲಿ ರಾಶಿ ಬಿದ್ದಿವೆ, ನಾವು "ಭಯಭೀತಳಾಗಿ" ಹುಡುಕ್ತಾ ಕೂತಿದ್ದೆವು.

ನೀತಿ ತೆಗೆದೆವು

ಮೊದಲ ಕರಡು ಮುಗಿದಿದ್ದು "ಹೀಗೆ ನಾವು ಹೊಸ ತಂತ್ರಜ್ಞಾನಕ್ಕೆ ಹೆದರಬಾರದು" ಅಂತ. ಇಂಜಿನಿಯರಿಂಗ್ ಬುದ್ಧಿ! ಆ ವಾಕ್ಯ ಬರೋ ಹೊತ್ತಿಗೆ ಮಕ್ಕಳು ಕಿಟಕಿ ಆಚೆ ನೋಡ್ತಿದ್ದರು. ಈಗ 14–15ರಲ್ಲಿ ಅಜ್ಜಿ "ಚಿನ್ನೀ, ಇನ್ನೊಂದ್ ಸಲ!" ಅಂತಾರೆ. 16ನೇ ಪುಟದಲ್ಲಿ ಪದ ಇಲ್ಲ. ಅಜ್ಜಿ ಮತ್ತೆ ಮೇಲಕ್ಕೆ ಹೋಗ್ತಿದ್ದಾರೆ, ಚಿನ್ನಿ ಗಲ್ಲಕ್ಕೆ ಕೈಕೊಟ್ಟು ಕೂತಿದ್ದಾಳೆ. ಪರಿಷೆಗೆ ಹೋದರೋ ಇಲ್ಲವೋ, ಮಕ್ಕಳೇ ಜಗಳ ಆಡ್ತಾರೆ. ಒಟ್ಟು 96 ಪದ.

ಕೊನೆಗೆ

ಮೂರನೇ ಕ್ಲಾಸಿನ ಒಬ್ಬ ಹುಡುಗ ಯಾವಾಗಲೂ ಹಿಂದೆ ಕೂರ್ತಿದ್ದ. ಓದು ಅಂದರೆ ಚಿತ್ರ ನೋಡಿ ಏನೋ ಒಂದು ಹೇಳಿಬಿಡ್ತಿದ್ದ. "ಬಲವಂತ ಮಾಡಬೇಡಿ" ಅಂತ ಮಿಸ್ ಹೇಳಿದ್ದರು. ಕೊನೆಯ ಡಮ್ಮಿ ಓದಿದ ದಿನ ಅವನು ಮುಂದೆ ಬಂದು "ಸರಸರ" ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದ. ಆಮೇಲೆ "ಡವಡವ". ನಾವು ಯಾರೂ ಮಾತಾಡಲಿಲ್ಲ. ಯಾಕಂದ್ರೆ ಕನ್ನಡ ಪುಸ್ತಕವನ್ನು ಹೀಗೆ ಬೆರಳಿಟ್ಟು ಓದೋ ಕಷ್ಟ ನಮ್ಮಲ್ಲೂ ಇಬ್ಬರಿಗೆ ಇತ್ತು, ಹತ್ತೊಂಬತ್ತು ವರ್ಷವಾದರೂ.

"ಮನೆಗೆ ತಗೊಂಡೋಗ್ಲಾ?" ಅಂತ ಕೇಳಿದ. ಇದ್ದಿದ್ದು ಒಂದೇ ಪ್ರತಿ, ಸ್ಕ್ಯಾನ್ ಕೂಡ ಮಾಡಿರಲಿಲ್ಲ. ಕೊಟ್ಟೆವು.

ಮುಂದಿನ ಶನಿವಾರ ವಾಪಸ್ ತಂದ. ಮೂಲೆಯಲ್ಲಿ ಎಣ್ಣೆ ಕಲೆ. ನಾವು ಪದವೇ ಇಲ್ಲದೆ ಬಿಟ್ಟಿದ್ದ 12ನೇ ಪುಟದಲ್ಲಿ, ಮೆಟ್ಟಿಲಿನ ಪಕ್ಕ, ಪೆನ್ಸಿಲ್‌ನಲ್ಲಿ ದಪ್ಪಕ್ಕೆ ಬರೆದಿದ್ದ: "ಗರಗರ".

ನಾವು ಅಳಿಸಲಿಲ್ಲ. ಈಗ ಪುಸ್ತಕದಲ್ಲಿ 97 ಪದ.

ಮುಂದಿನ ಪುಸ್ತಕಕ್ಕೆ ಜನ ಬೇಕು. ಚಿತ್ರ ಬರೆಯೋಕೆ ಬರದಿದ್ದರೂ, ಕನ್ನಡ ತಡವರಿಸಿ ಓದಿದರೂ ಪರವಾಗಿಲ್ಲ, ಬನ್ನಿ. ಬರುವಾಗ ನಾಲ್ಕು ಎ4 ಹಾಳೆ ಮತ್ತು ನಿಮ್ಮ ಅಜ್ಜಿಯ ಬಾಯಲ್ಲಿ ಕೇಳಿದ ಒಂದು ಮಾತು ತನ್ನಿ. ಸ್ಟೇಪ್ಲರ್ ನಮ್ಮ ಹತ್ತಿರ ಇದೆ.