ಬಳೆ ದುಂಡಗೆ, ಇಟ್ಟಿಗೆ ಉದ್ದಗೆ



ಈ ಪಾಠದಲ್ಲಿ ಸಣ್ಣ ಮಕ್ಕಳ ಜೊತೆ ಕೂತು ಆಡುವ ಕೆಲವು ಆಟಗಳನ್ನು ಕಲಿಯೋಣ. ಇವು ಬರೀ ಆಟವಲ್ಲ. ಆಟದ ಒಳಗೇ ಪಾಠ ಇದೆ.

ರಾಜರಾಜೇಶ್ವರಿನಗರದ ನಮ್ಮ ಕಲಿಕಾ ಕೇಂದ್ರಕ್ಕೆ ಸಂಜೆ ಹೊತ್ತು ಅಕ್ಕಂದಿರು ಬರುತ್ತಾರೆ. ಕೆಲವರದು ಮನೆಗೆಲಸ. ಕೆಲವರದು ಗಾರೆ ಕೆಲಸ. ಕೆಲವರು ಗಾರ್ಮೆಂಟ್ಸಿಗೆ ಹೋಗಿ ಬರುತ್ತಾರೆ. ಸಣ್ಣ ಮಕ್ಕಳನ್ನು ಸೊಂಟದಲ್ಲಿ ಹೊತ್ತೇ ತರುತ್ತಾರೆ.

ಒಂದು ದಿನ ಒಬ್ಬ ಅಕ್ಕ ಹೇಳಿದರು: "ನಾನು ಕೆಲಸ ಮಾಡೋ ಮನೇಲಿ ಮೂರು ವರ್ಷದ ಮಗು ಸರ್ಕಲ್, ಟ್ರಯಾಂಗಲ್ ಅನ್ನುತ್ತೆ. ನನ್ನ ಮಗಳಿಗೆ ನಾಲ್ಕು ತುಂಬಿತು. ಅವಳಿಗೆ ನಾನು ಏನು ಕಲಿಸಲಿ? ನನಗೇ ಈಗ ಅ, ಆ ಬರ್ತಾ ಇದೆ." ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು.

ನಾವು ಅವರ ಕೈಗೆ ಸೀಮೆಸುಣ್ಣ ಕೊಟ್ಟೆವು. "ದಿನಾ ಬೆಳಿಗ್ಗೆ ಹಾಕ್ತೀರಲ್ಲ, ಆ ರಂಗೋಲಿ ಹಾಕಿ" ಅಂದೆವು. ಅವರು ಚುಕ್ಕಿ ಇಟ್ಟರು. ಗೆರೆ ಎಳೆದರು. ಎರಡು ನಿಮಿಷದಲ್ಲಿ ನಕ್ಷತ್ರ ಮೂಡಿತು. ಅದರ ತುದಿಗಳಲ್ಲಿ ತ್ರಿಕೋನ. ನಡುವೆ ವೃತ್ತ. ಸುತ್ತ ಚೌಕದ ಕಟ್ಟು.

"ನೋಡಿದ್ರಾ ಅಕ್ಕಾ? ಇದೆಲ್ಲ ನಿಮ್ಮ ಕೈಗೆ ಗೊತ್ತು. ಹೆಸರು ಗೊತ್ತಿರಲಿಲ್ಲ, ಅಷ್ಟೇ" ಅಂದೆವು.

ನಾಲ್ಕು ಆಕಾರ, ನಾಲ್ಕು ಹೆಸರು

ವೃತ್ತ: ಇದು ದುಂಡಗೆ ಇರುತ್ತದೆ. ಮೂಲೆ ಇಲ್ಲ. ಬಳೆ, ನಾಣ್ಯ, ತಟ್ಟೆಯ ಅಂಚು.

ತ್ರಿಕೋನ: ಮೂರು ಬದಿ, ಮೂರು ಮೂಲೆ. ಮೂಲೆಗೆ ಮೂಲೆ ಸೇರಿಸಿ ಮಡಚಿದ ಕರ್ಚೀಫು.

ಚೌಕ: ನಾಲ್ಕು ಬದಿ, ನಾಲ್ಕೂ ಸಮ. ಕೇರಂ ಬೋರ್ಡು.

ಆಯತ: ನಾಲ್ಕು ಬದಿ. ಎರಡು ಉದ್ದ, ಎರಡು ಗಿಡ್ಡ. ಬಾಗಿಲು, ಇಟ್ಟಿಗೆಯ ಮುಖ, ಈ ಪುಸ್ತಕದ ಹಾಳೆ.

ಮಗುವಿಗೆ ಹೆಸರನ್ನು ಬಾಯಿಪಾಠ ಮಾಡಿಸಬೇಡಿ. ಮಗು ಮೊದಲು ಮುಟ್ಟಲಿ. ಬೆರಳಿನಿಂದ ಅಂಚು ಸವರಲಿ. ಬೆರಳಿಗೆ ಮೂಲೆ ಚುಚ್ಚಿತೋ ಇಲ್ಲವೋ ಕೇಳಿ. ಹೆಸರು ಆಮೇಲೆ ಬರಲಿ.

ಆಟ 1: ಬಳೆ ಆಟ

ಹಳೇ ಪೇಪರಿನ ಮೇಲೆ ಬಳೆ ಇಡಿ. ಗಾಜಿನ ಬಳೆ ಬೇಡ, ಒಡೆಯುತ್ತದೆ. ಬಳೆಯ ಸುತ್ತ ಮಗು ಸೀಮೆಸುಣ್ಣದಿಂದ ಗೆರೆ ಎಳೆಯಲಿ. ಗೆರೆ ಸೊಟ್ಟಗಾದರೆ ಬೈಯಬೇಡಿ. ಹೀಗೇ ಬೆಂಕಿಪೊಟ್ಟಣ ಇಟ್ಟು ಗೆರೆ ಎಳೆದರೆ ಆಯತ ಬರುತ್ತದೆ. ಕಡ್ಡಿಗಳನ್ನು ಮೊದಲೇ ತೆಗೆದಿಡಿ.

ಆಟ 2: ಮಡಚುವ ಆಟ

ಒಂದು ಉದ್ದನೆಯ ಹಾಳೆ ತಗೊಳ್ಳಿ. ಅದು ಆಯತ. ಅದರ ಗಿಡ್ಡ ಬದಿಯನ್ನು ಉದ್ದ ಬದಿಯ ಮೇಲೆ ಸರಿಯಾಗಿ ಕೂರುವ ಹಾಗೆ ಮಡಚಿ. ಒಂದು ತ್ರಿಕೋನ ಕಾಣುತ್ತದೆ. ಪಕ್ಕದಲ್ಲಿ ಉಳಿದ ಪಟ್ಟಿಯನ್ನು ಕತ್ತರಿಸಿ ತೆಗೆಯಿರಿ. ಈಗ ಮಡಿಕೆ ಬಿಚ್ಚಿ. ಚೌಕ ಬಂತು! ಮಡಿಕೆಯ ಗೆರೆ ಮೇಲೆ ಕತ್ತರಿಸಿ. ಎರಡು ತ್ರಿಕೋನ. ಎರಡನ್ನೂ ಮಗುವಿನ ಕೈಗೆ ಕೊಟ್ಟು "ಮತ್ತೆ ಚೌಕ ಮಾಡು ನೋಡೋಣ" ಅನ್ನಿ. ಕತ್ತರಿ ಮಾತ್ರ ನಿಮ್ಮ ಕೈಯಲ್ಲೇ ಇರಲಿ.

ಆಟ 3: ತರಕಾರಿ ಅಚ್ಚು

ಸಾರಿಗೆ ಹೆಚ್ಚುವಾಗ ಬೆಂಡೆಕಾಯಿಯ ತೊಟ್ಟಿನ ಕಡೆ ತುಂಡು ಎತ್ತಿಡಿ. ಬೀಟ್‌ರೂಟ್ ರಸದಲ್ಲೋ ಅರಿಶಿನ ಕಲಸಿದ ನೀರಿನಲ್ಲೋ ಅದ್ದಿ ಹಾಳೆ ಮೇಲೆ ಒತ್ತಿ. ಐದು ಎಸಳಿನ ಹೂವು ಮೂಡುತ್ತದೆ. ಕ್ಯಾರೆಟ್ ಅಡ್ಡ ಕೊಯ್ದರೆ ವೃತ್ತ. ಅರ್ಧ ಆಲೂಗಡ್ಡೆಯನ್ನು ನೀವು ಮೂರು ಮೂಲೆಗೆ ಕೊರೆದುಕೊಟ್ಟರೆ ತ್ರಿಕೋನದ ಅಚ್ಚು.

ಆಟ 4: ಬಸ್ಸು ಮಾಡೋಣ

ಕತ್ತರಿಸಿದ ಚೂರುಗಳನ್ನು ಬಿಸಾಡಬೇಡಿ. ಒಂದು ಆಯತ, ಕೆಳಗೆ ಎರಡು ವೃತ್ತ, ಮೇಲೆ ಸಣ್ಣ ಚೌಕದ ಕಿಟಕಿಗಳು. ಇದು ಬಸ್ಸು. ಆಯತಗಳನ್ನು ಸಾಲಾಗಿ ಅಂಟಿಸಿದರೆ ಮೆಟ್ರೋ ರೈಲು. 2021ರಲ್ಲಿ ನಮ್ಮ ನಗರಕ್ಕೆ ಮೆಟ್ರೋ ಬಂದ ಮೇಲೆ ಮಕ್ಕಳಿಗೆ ಬಸ್ಸಿಗಿಂತ ಅದೇ ಇಷ್ಟ. ಅಂಟಿಗೆ ದುಡ್ಡು ಕೊಡಬೇಕಿಲ್ಲ. ಮೈದಾ ಹಿಟ್ಟಿಗೆ ನೀರು ಸೇರಿಸಿ ಕಾಯಿಸಿದರೆ ಗೋಂದು ಆಯಿತು.

ನಮ್ಮ ತಪ್ಪು

ನಮ್ಮದೊಂದು ತಪ್ಪನ್ನೂ ಹೇಳುತ್ತೇವೆ. ನಾವು ಯಾವಾಗಲೂ ತ್ರಿಕೋನವನ್ನು ತುದಿ ಮೇಲೆ ಮಾಡಿಯೇ ಬರೆಯುತ್ತಿದ್ದೆವು. ಒಂದು ದಿನ ಚೂರು ತಲೆಕೆಳಗಾಗಿ ಬಿತ್ತು. "ಇದೇನು?" ಅಂದರೆ, "ತ್ರಿಕೋನ ಅಲ್ಲ, ಬಿದ್ದೋಯ್ತು" ಅಂದಿತು ಮಗು. ತಪ್ಪು ಮಗುವಿನದಲ್ಲ, ನಮ್ಮದು. ತಿರುಗಿಸಿದರೂ ಮೂರು ಮೂಲೆ ಮೂರೇ. ಆದ್ದರಿಂದ ಆಕಾರವನ್ನು ತಿರುಗಿಸಿ, ಮಲಗಿಸಿ ತೋರಿಸಿ. ಉದ್ದನೆಯದು, ಕುಳ್ಳನೆಯದು, ಎಲ್ಲ ಬಗೆಯೂ ತೋರಿಸಿ.

ಇದು ಹಳೇ ವಿದ್ಯೆ

ಹೀಗೆ ಆಡಿಸಿ ಕಲಿಸುವುದು ಹೊಸದಲ್ಲ. ಜರ್ಮನಿ ದೇಶದ ಫ್ರೋಬೆಲ್ 1837ರಲ್ಲಿ ಸಣ್ಣ ಮಕ್ಕಳಿಗೆ ಶಾಲೆ ತೆರೆದರು. ಅದಕ್ಕೆ ಆಮೇಲೆ 'ಮಕ್ಕಳ ತೋಟ' ಎಂದು ಹೆಸರಿಟ್ಟರು. ಚೆಂಡು, ಮರದ ತುಂಡು ಕೊಟ್ಟು ಆಕಾರ ಕಲಿಸಿದರು. 1907ರಲ್ಲಿ ಇಟಲಿಯ ರೋಮ್ ನಗರದಲ್ಲಿ ಮರಿಯಾ ಮಾಂಟೆಸ್ಸರಿ ಎಂಬ ತಾಯಿ ಇಂಥದೇ ಮನೆ ತೆರೆದರು. ಶ್ರೀಮಂತರ ಮಕ್ಕಳಿಗಲ್ಲ, ಕೂಲಿಕಾರರ ಮಕ್ಕಳಿಗೆ. ಅವರು 1939ರಲ್ಲಿ ನಮ್ಮ ದೇಶಕ್ಕೂ ಬಂದು ಶಿಕ್ಷಕರಿಗೆ ತರಬೇತಿ ಕೊಟ್ಟರು.

ಅಷ್ಟು ದೂರ ಯಾಕೆ? ನಮ್ಮ ಮೈಸೂರು ರಸ್ತೆಯಲ್ಲೇ ಸುಮಾರು 50 ಕಿಲೋಮೀಟರ್ ಹೋದರೆ ಚನ್ನಪಟ್ಟಣ. ಅಲ್ಲಿ ಮರವನ್ನು ತಿರುಗಿಸಿ ಕಡೆದು, ಅರಗಿನ ಬಣ್ಣ ಹಚ್ಚಿ ದುಂಡನೆಯ ಗೊಂಬೆ, ಬುಗುರಿ ಮಾಡುತ್ತಾರೆ.

1975ರ ಅಕ್ಟೋಬರ್ 2ರಂದು ಸರ್ಕಾರ ಅಂಗನವಾಡಿ ಯೋಜನೆ ಶುರುಮಾಡಿತು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಟಿ. ನರಸೀಪುರದಲ್ಲಿ. 3ರಿಂದ 6 ವರ್ಷದ ಮಕ್ಕಳಿಗೆ ಅಲ್ಲಿ ಊಟದ ಜೊತೆ ಆಟ-ಪಾಠ ಉಂಟು. ಅದು ನಿಮ್ಮ ಮಗುವಿನ ಹಕ್ಕು. ತಪ್ಪದೆ ಕಳಿಸಿ. "ಇವತ್ತು ಏನು ಆಡಿಸಿದ್ರಿ?" ಎಂದು ಕೇಳಿ.

ಎಚ್ಚರ!

ಕಾಳು, ಮಣಿ, ಹುಣಸೆಬೀಜಗಳನ್ನು ಜೋಡಿಸಿ ಆಕಾರ ಮಾಡಬಹುದು. ಆದರೆ ಮಕ್ಕಳು ಮೂಗಿಗೆ, ಕಿವಿಗೆ, ಬಾಯಿಗೆ ಹಾಕಿಕೊಳ್ಳುತ್ತಾರೆ. ನೀವು ಪಕ್ಕದಲ್ಲಿ ಕೂತಾಗ ಮಾತ್ರ ಕೊಡಿ. ಮೂರು ವರ್ಷದ ಒಳಗಿನ ಮಕ್ಕಳಿಗೆ ಕೊಡಲೇಬೇಡಿ. ಗೋಡೆಗೆ ಬಳಿಯುವ ಪೇಂಟ್ ಬೇಡ.

ಆ ಅಕ್ಕ ಏನು ಮಾಡಿದರು?

ಆ ಅಕ್ಕ ದಿನಾ ರಾತ್ರಿ ಹತ್ತು ನಿಮಿಷ ಮಗಳ ಜೊತೆ ಕೂತರು. ಅನ್ನ ಬೇಯುವ ಹೊತ್ತು, ಅಷ್ಟೇ. ಒಂದು ತಿಂಗಳಾಯಿತು. ಒಂದು ಸಂಜೆ ತಾಯಿ 'ಠ' ಅಕ್ಷರ ತಿದ್ದುತ್ತಿದ್ದರು. ಅದು ಅವರಿಗೆ ಎಷ್ಟು ಸಲ ಹೇಳಿಕೊಟ್ಟರೂ ಮರೆತುಹೋಗುತ್ತಿತ್ತು. ಮಗಳು ಇಣುಕಿ ನೋಡಿದಳು. "ಅಮ್ಮಾ, ಬಳೆ ಒಳಗೆ ಬೊಟ್ಟು!" ಅಂದಳು.

ಎಲ್ಲರೂ ನಕ್ಕೆವು. ಆ ಅಕ್ಕ ಆಮೇಲೆ 'ಠ' ಮರೆಯಲಿಲ್ಲ. ಅಂದು ತಾಯಿಗೆ ಪಾಠ ಹೇಳಿದ್ದು ಮಗಳು.

ಯೋಚಿಸಿ, ಹೇಳಿ

1. ನಿಮ್ಮ ಅಡುಗೆಮನೆಯಲ್ಲಿ ವೃತ್ತಗಳು ಎಷ್ಟಿವೆ? ಎಣಿಸಿ.
2. ಚೌಕಕ್ಕೂ ಆಯತಕ್ಕೂ ಏನು ವ್ಯತ್ಯಾಸ?
3. ತ್ರಿಕೋನವನ್ನು ತಿರುಗಿಸಿ ಯಾಕೆ ತೋರಿಸಬೇಕು?

ಬರೆಯಿರಿ

ವೃತ್ತ, ತ್ರಿಕೋನ, ಚೌಕ, ಆಯತ.

ಮಾಡಿ

ಇವತ್ತು ರಾತ್ರಿ ಮಗುವಿನ ಜೊತೆ ಒಂದು ಆಟ ಆಡಿ. ಮಗು ಮಾಡಿದ್ದನ್ನು ಗೋಡೆಗೆ ಅಂಟಿಸಿ. ಅದರ ಕೆಳಗೆ ಮಗುವಿನ ಹೆಸರನ್ನು ನೀವೇ, ನಿಮ್ಮ ಕೈಯಾರೆ ಬರೆಯಿರಿ.